ಮಂಡ್ಯದಿಂದ ಬಳ್ಳಾರಿಗೆ ಹೋದ ಬ್ಯಾಂಕು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಓದಿದ್ದು ಇದೇ ಶಾಲೆಯಲ್ಲಿ, ದುಡಿದದ್ದು ಗ್ರಾಮೀಣ ಬ್ಯಾಂಕಿನಲ್ಲಿ. ಆದ್ದರಿಂದ ಬ್ಯಾಂಕಿನ ಬಗ್ಗೆಯೇ ನಾಲ್ಕು ಮಾತು ಆಡುತ್ತೇನೆ.

ನಾನು ಸೇರಿದಾಗ ಬೋರ್ಡಿನ ಮೇಲೆ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕ್ ಎಂದಿತ್ತು. ಪ್ರಧಾನ ಕಚೇರಿ ಮಂಡ್ಯದಲ್ಲೇ. ಮಳವಳ್ಳಿ ಕಡೆಯ ರೈತ ಸಾಲದ ತಕರಾರಿದ್ದರೆ ಬೆಳಿಗ್ಗೆ ಬಸ್ಸು ಹತ್ತಿ, ಸಾಹೇಬರನ್ನು ಕಂಡು, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರುತ್ತಿದ್ದ. 2012ರಲ್ಲಿ ಅದು ಕಾವೇರಿ ಗ್ರಾಮೀಣ ಬ್ಯಾಂಕಾಯಿತು, ಕಚೇರಿ ಮೈಸೂರಿಗೆ ಹೋಯಿತು. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಾಯಿತು, ಕಚೇರಿ ಬಳ್ಳಾರಿಗೆ ಹೋಯಿತು. ಬಳ್ಳಾರಿಗೆ ಯಾರು ಹೋಗ್ತಾರೆ ಸ್ವಾಮಿ? ಮೈಸೂರು ಬ್ಯಾಂಕು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಸೇರಿಹೋದವು. ವಿಲೀನದಿಂದ ಬ್ಯಾಂಕುಗಳು ಗಟ್ಟಿಯಾದವು ಅನ್ನುತ್ತಾರೆ. ಇರಬಹುದು. ಆದರೆ ಎರಡು ಶಾಖೆ ಒಂದಾದ ಕಡೆ ಸಾಲು ಉದ್ದವಾಯಿತು, ನಮ್ಮ ಮುಖ ನೋಡಿ ಹೆಸರು ಹೇಳುವ ಗುಮಾಸ್ತ ಇಲ್ಲವಾದ.

ಖಾತೆಗೆ ಈಗ ಬರವಿಲ್ಲ. 2014ರ ಜನಧನ ಯೋಜನೆಯಿಂದ ಬಡವರ ಮನೆಗೂ ಪಾಸ್‌ಬುಕ್ ಬಂತು. ಕಬ್ಬಿನ ಬಿಲ್ಲು, ಡೇರಿ ಬಟವಾಡೆ, ಗೃಹಲಕ್ಷ್ಮಿಯ 2,000 ರೂಪಾಯಿ, ಎಲ್ಲವೂ ಖಾತೆಗೇ. ತೆಗೆಯುವುದು ಹೇಗೆ?

ನಮ್ಮ ಅವ್ವನಿಗೆ 82 ವರ್ಷ. ಕಬ್ಬಿನ ತರಗು ಸುಲಿದು, ರಾಗಿ ಕುಯ್ದು ಬೆರಳ ಗೆರೆ ಸವೆದಿದೆ. ಬ್ಯಾಂಕ್ ಮಿತ್ರನ ಯಂತ್ರ ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮೂರು ಸಲ ಇಟ್ಟಳು. "ಶಾಖೆಗೇ ಹೋಗಿ ಅಜ್ಜಿ" ಎಂದ ಹುಡುಗ. ಶಾಖೆಯಲ್ಲಿ, "ಇಷ್ಟು ಸಣ್ಣ ಮೊತ್ತಕ್ಕೆ ಇಲ್ಲಿಗ್ಯಾಕೆ ಬಂದ್ರಿ, ಮಿತ್ರನ ಹತ್ರ ಹೋಗಿ" ಅಂದರು. (ನಾನು ದುಡಿದ ಬ್ಯಾಂಕಲ್ಲ ಅದು, ಹೆಸರು ಬೇಡ.) ಸಂಜೆ ಫೋನಿನಲ್ಲಿ, "ನನ್ನ ಹೆಬ್ಬೆಟ್ಟು ನಂದಲ್ವಂತೆ ಕಣ್ಲಾ" ಅಂದಳು. ನಲವತ್ತು ಹಳ್ಳಿಯವರ ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಎಣಿಸಿ ಕೊಟ್ಟವನು ನಾನು. ಉತ್ತರ ಹೊಳೆಯಲಿಲ್ಲ.

70 ದಾಟಿದವರಿಗೆ, ಅಂಗವಿಕಲರಿಗೆ ಮನೆಗೇ ಹಣ ತಲುಪಿಸುವ ಸೇವೆ ಕೊಡಿ ಎಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿದೆ. ಇದನ್ನು ಕೇಳಿದವರು ಕೈ ಎತ್ತಿ, ನೋಡೋಣ. ಒಬ್ಬರು, ಇಬ್ಬರು... ಮೇಷ್ಟ್ರೂ ಎತ್ತಲಿಲ್ಲ!

ಜಿಲ್ಲಾ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಒಂದು ಅರ್ಜಿ ಬರೆದು ತಂದಿದ್ದೇನೆ. ಸುತ್ತೋಲೆಯ ಪ್ರತಿಯನ್ನೂ ಲಗತ್ತಿಸಿದ್ದೇನೆ. ಊಟದ ಪಂಕ್ತಿಗೆ ಹೋಗುವ ಮೊದಲು ಬಾಗಿಲ ಬಳಿಯ ಮೇಜಿಗೆ ಬನ್ನಿ, ನಿಮ್ಮ ಮನೆಯ ಹಿರಿಯರ ಹೆಸರು, ಶಾಖೆಯ ಹೆಸರು ಬರೆಸಿ. ಮುಂದಿನ ಸೋಮವಾರ ಮಂಡ್ಯಕ್ಕೆ ನಾನೇ ಒಯ್ಯುತ್ತೇನೆ. ಜೊತೆಗೆ ಬರುವವರಿದ್ದರೆ ಬನ್ನಿ. ಸಹಿ ಬಾರದವರು ಹಿಂಜರಿಯಬೇಡಿ, ಇಂಕ್ ಪ್ಯಾಡ್ ಇಟ್ಟಿದ್ದೇನೆ.