ತರಗತಿಗೆ ಬಂದ ದುಃಖ

 

2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದ ಕಾಲ್ತುಳಿತದಲ್ಲಿ 11 ಜೀವಗಳು ಹೋದವು. ಹೆಚ್ಚಿನವರು ಹರೆಯದವರು, ವಿದ್ಯಾರ್ಥಿಗಳೂ ಇದ್ದರು. ಆ ಗೆಲುವಿಗೆ ಕುಣಿದ ನಮ್ಮ ಬನಶಂಕರಿ, ಜೆ.ಪಿ. ನಗರದ ಮಕ್ಕಳೇ ಆ ಸಾವುಗಳನ್ನು ಮೊಬೈಲಿನಲ್ಲಿ ನೋಡಿದರು. ಇಂಥ ದಿನ ಏನೂ ಆಗದವರಂತೆ ಪಾಠ ಶುರು ಮಾಡುವುದು ಸುಲಭ. ಆದರೆ ನಮ್ಮ ಮೌನವನ್ನು ಮಗು 'ಇದನ್ನು ಮಾತಾಡಬಾರದು' ಎಂದೇ ತಿಳಿಯುತ್ತದೆ.

ನಡೆದದ್ದನ್ನು ಸರಳವಾಗಿ, ನಿಜವಾಗಿ ಹೇಳೋಣ. 'ಸತ್ತರು' ಎನ್ನಲು ಹಿಂಜರಿಯುವುದು ಬೇಡ. 'ಮಲಗಿದ್ದಾರೆ' ಎಂದರೆ ಚಿಕ್ಕ ಮಗು ನಿದ್ದೆಗೇ ಹೆದರೀತು. 'ಹಣೆಬರಹ' ಎಂದು ಬಾಯಿ ಮುಚ್ಚಿಸುವುದಂತೂ ಬೇಡವೇ ಬೇಡ. ಅನುಭವ ಮಂಟಪದಲ್ಲಿ ಎಲ್ಲರ ಮಾತಿಗೂ ಜಾಗವಿತ್ತು. ತರಗತಿಯಲ್ಲೂ ಅಳುವವರು ಅಳಲಿ, ಕೇಳುವವರು ಕೇಳಲಿ, ಸುಮ್ಮನಿರುವವರು ಸುಮ್ಮನಿರಲಿ.

ನಾನು ಒತ್ತಿ ಹೇಳುವ ಮಾತು ಇನ್ನೊಂದಿದೆ. ಸಾವಿನ ಮನೆಯ ಮಗು ಶಾಲೆಗೆ ಮರಳಿದಾಗ ಏನು ಮಾತಾಡಬೇಕೆಂದು ತಿಳಿಯದೆ ಗೆಳೆಯರು ದೂರ ಸರಿಯುತ್ತಾರೆ. ಕೆಲವರಿಗೆ ಮನೆಯಲ್ಲಿ 'ಸೂತಕ, ಅಲ್ಲಿಗೆ ಹೋಗಬೇಡ' ಎಂದಿರುತ್ತಾರೆ. ಶರಣರು ಪಂಚಸೂತಕಗಳನ್ನು ಒಪ್ಪಲಿಲ್ಲ. ಹಾಗಿದ್ದ ಮೇಲೆ ಆ ಮನೆಯ ಹೊಸ್ತಿಲನ್ನು ಮೊದಲು ದಾಟಬೇಕಾದವರು ನಾವೇ. ಮಗು ಬರುವ ಮುನ್ನವೇ ಪಕ್ಕದಲ್ಲಿ ಕೂರುವ ಗೆಳೆಯರಿಗೆ ತಿಳಿಹೇಳಿ. ಓದು ಹಿಂದೆ ಬಿದ್ದರೆ ಗದರಬೇಡಿ.

ವಾರಗಳು ಕಳೆದರೂ ಊಟ, ನಿದ್ದೆ ಬಿಟ್ಟು ಕುಗ್ಗುತ್ತಿದ್ದರೆ ಪಾಲಕರೊಡನೆ ಮಾತಾಡಿ. ನಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಟೆಲಿ-ಮಾನಸ್ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದಯೆಯ ಬಗ್ಗೆ ವೇದಿಕೆಯಲ್ಲಿ ಬಹಳ ಮಾತಾಡಿದ್ದೇವೆ. ಈಗ ಬೆಂಚಿನ ಮೇಲೆ ಆ ಮಗುವಿನ ಪಕ್ಕ ಕೂರೋಣ.