ಗುಳಿಗೆ ಬಿಟ್ಟ ಅಜ್ಜಿ ಹೇಳಿದ್ದು

ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕು, ಏನು ಬಿಡಬೇಕು ಅನ್ನೋದನ್ನ ನೀವು ಸಾಕಷ್ಟು ಕೇಳಿದ್ದೀರಿ. ಅದನ್ನ ಮತ್ತೆ ಹೇಳೋದಿಲ್ಲ. ವಯಸ್ಸಾದವರು ಗುಳಿಗೆ ಯಾಕೆ ಬಿಡ್ತಾರೆ ಅನ್ನೋದಷ್ಟೇ ಇವತ್ತಿನ ಮಾತು.

ಮುಂಡಗೋಡ ತಾಲ್ಲೂಕಿನ ಪಾಳಾ ಕಡೆಯಿಂದ ಒಬ್ಬ ಅಜ್ಜಿ ನನ್ನ ಹತ್ತಿರ ಬರ್ತಾರೆ. ಎಪ್ಪತ್ತು ದಾಟಿದೆ. ಪ್ರತಿ ಸಲ, "ಗುಳಿಗಿ ಬರೋಬ್ಬರಿ ತಗೋತೀನ್ರಿ ಡಾಕ್ಟ್ರ" ಅನ್ನೋರು. ಸಕ್ಕರೆ ಮಾತ್ರ ಇಳೀತಿರಲಿಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿದೆ, ಅದೂ ಹೆಚ್ಚೇ. ಡೋಸ್ ಏರಿಸಿದೆ. ಸ್ವಲ್ಪ ಗದರಿಸಿದೆ ಕೂಡ. ಒಂದು ದಿನ ಸೊಸೆ ಚೀಲ ಬಿಚ್ಚಿ ತೋರಿಸಿದಳು. ತಿಂಗಳುಗಟ್ಟಲೆ ಕೊಟ್ಟ ಗುಳಿಗೆ ಹಾಗೇ ಉಳಿದಿತ್ತು.

ಯಾಕಮ್ಮಾ ಅಂದೆ. "ತಗೊಂಡ್ರ ಕೈಕಾಲು ನಡಗತಾವ್ರಿ, ಮೈ ಬೆವರತೈತಿ, ಕಣ್ಣಿಗೆ ಕತ್ತಲಿ ಬರತೈತಿ. ಒಂದಿನ ಗದ್ದ್ಯಾಗ ಬಿದ್ದೆ. ಹೇಳಿದ್ರ ನೀವು ಬೈತೀರಿ ಅಂತ ಸುಮ್ನಿದ್ದೆ."

ಅವರಿಗೆ ಕೊಟ್ಟಿದ್ದು ಗ್ಲಿಮೆಪಿರೈಡ್. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತೆ, ನೀವು ಉಂಡಿರಲಿ, ಬಿಡಲಿ. ಅಜ್ಜಿ ಬೆಳಗ್ಗೆ ಆರಕ್ಕೆ ಗುಳಿಗೆ ನುಂಗಿ, ಚಹಾ ಕುಡಿದು ಗದ್ದೆಗೆ ಹೋಗೋರು. ರೊಟ್ಟಿ ತಿನ್ನೋದು ಹನ್ನೊಂದಕ್ಕೆ. ಸೋಮವಾರ ಒಪ್ಪತ್ತು ಬೇರೆ. ಸಕ್ಕರೆ ಕುಸಿಯದೆ ಇನ್ನೇನಾಗುತ್ತೆ? ನಾನು ಬಿಪಿ ನೋಡಿದೆ, ರಿಪೋರ್ಟ್ ನೋಡಿದೆ, ಅಜ್ಜಿ ಎಷ್ಟು ಗಂಟೆಗೆ ಉಣ್ತಾರೆ ಅಂತ ಕೇಳಲೇ ಇಲ್ಲ. ಏರಿಸಿದ ಡೋಸನ್ನ ಮಗ ಎದುರಿಗೆ ಕೂತು ಖಾಲಿ ಹೊಟ್ಟೆಗೆ ನುಂಗಿಸಿದ್ದರೆ? ನೆನೆಸಿಕೊಂಡರೆ ಈಗಲೂ ಭಯ ಆಗುತ್ತೆ.

ಸಕ್ಕರೆ ಏರಿದಾಗ ಅವರಿಗೆ ಏನೂ ಗೊತ್ತಾಗಲ್ಲ. ಗುಳಿಗೆ ತಗೊಂಡಾಗ ಮಾತ್ರ ಸಂಕಟ. ಅವರ ಲೆಕ್ಕದಲ್ಲಿ ಗುಳಿಗೆಯೇ ಕಾಯಿಲೆ.

ಬೇರೆ ಕಾರಣಗಳೂ ಇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಪುಕ್ಕಟೆ, ಆದರೆ ಕಂಪನಿ ಬದಲಾದರೆ ಗುಳಿಗೆಯ ಬಣ್ಣವೂ ಬದಲಾಗುತ್ತೆ. ಓದು ಬಾರದವರು ಎರಡನ್ನೂ ನುಂಗ್ತಾರೆ, ಇಲ್ಲಾ ಎರಡನ್ನೂ ಬಿಡ್ತಾರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಜ್ಜಿಗೆ ಬಸ್ ಫ್ರೀ, ಸರಿ. ಜೊತೆಗೆ ಬರೋ ಮಗನಿಗೆ ಟಿಕೆಟ್ ಉಂಟು, ಆ ದಿನದ ಕೂಲಿಯೂ ಹೋಯ್ತು. ಇನ್ನು, ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತೀವಿ, ಆ ಬೆಳಗ್ಗೆ ಗುಳಿಗೆ ತಗೋಬೇಡಿ ಅಂತ ಹೇಳೋದು ಮರೀತೀವಿ.

ದೀರ್ಘ ಕಾಯಿಲೆಗಳಲ್ಲಿ, ಶ್ರೀಮಂತ ದೇಶಗಳಲ್ಲೂ, ಸರಿಯಾಗಿ ಔಷಧ ತಗೊಳ್ಳೋರು ಸರಾಸರಿ ಅರ್ಧದಷ್ಟು ಜನ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ ಅನ್ನೋ ಮಾತನ್ನ ಅದಕ್ಕೇ ನಾನು ಒಪ್ಪಲ್ಲ.

ಈಗ ನಾನು "ಗುಳಿಗೆ ತಗೋತೀರಾ?" ಅಂತ ಕೇಳೋದಿಲ್ಲ. "ಈ ವಾರ ಎಷ್ಟು ದಿನ ತಪ್ಪಿತು?" ಅಂತೀನಿ. ಉತ್ತರ ಬರುತ್ತೆ. ಅಜ್ಜಿಗೆ ಆ ಗುಳಿಗೆ ನಿಲ್ಲಿಸಿ, ಊಟದ ಜೊತೆ ತಗೊಳ್ಳೋ ಮೆಟ್‌ಫಾರ್ಮಿನ್ ಒಂದನ್ನೇ ಉಳಿಸಿದೆ. ಅದೊಂದರಿಂದಲೇ ಸಕ್ಕರೆ ಕುಸಿಯೋದು ಅಪರೂಪ. ಆ ವಯಸ್ಸಿಗೆ ಎಚ್‌ಬಿಎ1ಸಿ 8ರ ಆಸುಪಾಸು ಇದ್ದರೂ ನಡೆಯುತ್ತೆ.

ನೀವಾಗಿಯೇ ಗುಳಿಗೆ ನಿಲ್ಲಿಸಬೇಡಿ. ಮನೆಯಲ್ಲಿ ಹಿರಿಯರಿಗೆ ನಡುಕ, ಬೆವರು ಬಂದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಅಜ್ಜಿ ಈಗ ಬರುವಾಗ ಉಳಿದ ಗುಳಿಗೆಯನ್ನೂ ತರ್ತಾರೆ, ಮೇಜಿನ ಮೇಲೆ ಸುರಿದು ಇಬ್ಬರೂ ಎಣಿಸ್ತೀವಿ. ಹೋದ ಸಲ ಆರು ಉಳಿದಿತ್ತು.