ಜಿನ್ನ್‌ಗಳಿಗೂ ಗೊತ್ತಿಲ್ಲದ್ದು ಆಮಿಲ್‌ಗೆ ಗೊತ್ತೇ?

(ಹೊರಮಾವಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೆ ಶಾಂತಿ, ಅನುಗ್ರಹಗಳಿರಲಿ.



ಒಂದು ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ಒಬ್ಬ ತಂದೆ ಬಂದು ನನ್ನ ಪಕ್ಕದಲ್ಲಿ ಕುಳಿತರು. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಮಗಳು ಕಾಲೇಜು ಬಿಟ್ಟಿದ್ದಾಳೆ, ನಿದ್ದೆ ಇಲ್ಲ, ಯಾರೋ ಕರೆಯುತ್ತಾರೆ ಎನ್ನುತ್ತಾಳೆ. ಒಬ್ಬ ಆಮಿಲ್ 'ಜಿನ್ನ್ ಹಿಡಿದಿದೆ' ಎಂದು ಮೂರು ಸಲ ಹಣ ಪಡೆದಿದ್ದ. "ಹಝ್ರತ್, ಜಿನ್ನೇ ಇರಬಹುದಾ?" ಎಂದರು. ನಾನು ಓದಿ ಊದಿದ ನೀರು ಕೊಟ್ಟು ಕಳಿಸಿದೆ. ಡಾಕ್ಟರಿಗೆ ತೋರಿಸಿ ಎನ್ನಲಿಲ್ಲ. ಆ ಮಗು ಇನ್ನೂ ಆರು ತಿಂಗಳು ನರಳಿತು. ಅದರಲ್ಲಿ ನನ್ನ ತಪ್ಪೂ ಇದೆ. ಅದಕ್ಕೇ ಇಂದು ಈ ವಿಷಯ.

ಜಿನ್ನ್‌ಗಳು ಇರುವುದು ನಿಜ. ಕುರ್‌ಆನಿನ 72ನೇ ಅಧ್ಯಾಯಕ್ಕೆ ಅವುಗಳದೇ ಹೆಸರು. ಆದರೆ ಮನುಷ್ಯರು ಅವುಗಳ ಆಶ್ರಯ ಬೇಡಿದ್ದರಿಂದ ಕೇಡೇ ಹೆಚ್ಚಿತೆಂದು ಅದೇ ಅಧ್ಯಾಯ ಎಚ್ಚರಿಸುತ್ತದೆ. 34ನೇ ಅಧ್ಯಾಯದಲ್ಲಿ ಪ್ರವಾದಿ ಸುಲೈಮಾನರ(ಅ) ಮರಣದ ಪ್ರಸಂಗ ನೋಡಿ. ಊರುಗೋಲಿಗೆ ಒರಗಿದ್ದ ಅವರು ತೀರಿಕೊಂಡದ್ದು ತಿಳಿಯದೆ ಜಿನ್ನ್‌ಗಳು ದುಡಿಯುತ್ತಲೇ ಇದ್ದವು. ಕೋಲನ್ನು ಹುಳ ತಿಂದು, ದೇಹ ನೆಲಕ್ಕೆ ಬಿದ್ದಾಗಲೇ ಅವುಗಳಿಗೆ ಗೊತ್ತಾದದ್ದು. ಕಣ್ಣೆದುರಿನ ಮರಣವೇ ತಿಳಿಯದ ಜಿನ್ನ್, ನಿಮ್ಮ ಮಗಳ ಭವಿಷ್ಯವನ್ನು ಆಮಿಲ್‌ಗೆ ಹೇಳೀತೇ?

ಇದು ಓದದವರ ಕಥೆ ಎಂದುಕೊಳ್ಳಬೇಡಿ. ಅಮೆರಿಕದ ಮಾನವಶಾಸ್ತ್ರಜ್ಞ ಮೈಕೆಲ್ ಹಾರ್ನರ್ ದಕ್ಷಿಣ ಅಮೆರಿಕದ ಬುಡಕಟ್ಟುಗಳ ಶಾಮನರಿಂದ, ಅಂದರೆ ಆತ್ಮಗಳೊಡನೆ ಮಾತಾಡುವ ವೈದ್ಯರಿಂದ ಕಲಿತು 1980ರಲ್ಲಿ ಪುಸ್ತಕ ಬರೆದರು. ಅಲ್ಲಿ ವಿದ್ಯಾವಂತರೇ ಶುಲ್ಕ ಕಟ್ಟಿ, ಡೋಲಿನ ಬಡಿತ ಕೇಳುತ್ತಾ ಆತ್ಮಲೋಕಕ್ಕೆ ಹೋಗಿಬರುವ ಶಿಬಿರ ಸೇರುತ್ತಾರೆ. ಮೊಬೈಲಿನಲ್ಲಿ ನಮ್ಮ ಮಕ್ಕಳೂ ಇಂಥದ್ದನ್ನು ನೋಡುತ್ತಾರೆ. ನೊಂದವರನ್ನು ನಾನು ಗೇಲಿ ಮಾಡುವುದಿಲ್ಲ. ನೋವು ಹೆಚ್ಚಾದಾಗ ಯಾರಾದರೂ ಉತ್ತರ ಕೊಡಲಿ ಎನಿಸುತ್ತದೆ. ಆದರೆ ಅಗೋಚರದ ಜ್ಞಾನ ಇರುವುದು ಅಲ್ಲಾಹನಿಗೆ ಮಾತ್ರ. ಕಣಿ ಹೇಳುವವನ ಬಳಿ ಹೋಗಿ ಕೇಳಿದವನ ನಲವತ್ತು ರಾತ್ರಿಗಳ ನಮಾಝ್ ಸ್ವೀಕೃತವಾಗದೆಂದು ಸಹೀಹ್ ಮುಸ್ಲಿಮ್‌ನ ಹದೀಸಿನಲ್ಲಿದೆ.

ಹಾಗಾದರೆ ಏನು ಮಾಡಬೇಕು? ಫಾತಿಹಾ, ಆಯತುಲ್ ಕುರ್ಸಿ, ಫಲಕ್, ನಾಸ್ ನೀವೇ ಓದಿ ಮಕ್ಕಳ ಮೇಲೆ ಊದಿರಿ. ತಾಯಿಯ ದುಆಗೆ ಮಧ್ಯವರ್ತಿ ಬೇಡ. ಜೊತೆಗೆ ಚಿಕಿತ್ಸೆಯನ್ನೂ ಕೊಡಿಸಿ. ಚಿಕಿತ್ಸೆ ಪಡೆಯಿರೆಂದು ಪ್ರವಾದಿಯವರೇ(ಸ) ಆದೇಶಿಸಿದ್ದಾರೆ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ದೆವ್ವ ಬಿಡಿಸುತ್ತೇವೆಂದು ಕಟ್ಟಿಹಾಕುವುದು, ಹೊಡೆಯುವುದು 2020ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆಯಡಿ ಅಪರಾಧ. ಹೆಣ್ಣುಮಕ್ಕಳನ್ನು ಒಂಟಿಯಾಗಿ ಕಳಿಸಿ ಎನ್ನುವವನ ಮನೆ ಮೆಟ್ಟಿಲನ್ನೂ ಹತ್ತಬೇಡಿ.

ಆ ಹುಡುಗಿ ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ, ನಿದ್ದೆ ಮಾಡುತ್ತಿದ್ದಾಳೆ. ಮಲಗುವ ಮುನ್ನ ತಂದೆಯೇ ಆಯತುಲ್ ಕುರ್ಸಿ ಓದುತ್ತಾರೆ. ಅಲ್ಲಾಹನು ಅವಳಿಗೂ ನಮ್ಮ ಮನೆಗಳ ಎಲ್ಲ ರೋಗಿಗಳಿಗೂ ಪೂರ್ಣ ಶಿಫಾ ನೀಡಲಿ. ನನ್ನ ತಪ್ಪನ್ನು ಮನ್ನಿಸಲಿ. ಆಮೀನ್.